ಗೇಮ್ ಟ್ಯೂನ್, ರಾಕ್ ಬ್ಯಾಂಡ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು. ಹಳೆಯ ವಿಡಿಯೋ ಗೇಮ್‌ಗಳ ಸಂಗೀತವನ್ನು ರಾಕ್ ಬ್ಯಾಂಡ್ ಕಟ್ಟಿಕೊಂಡು ವೇದಿಕೆ ಮೇಲೆ ನುಡಿಸುವುದು ಹೇಗೆ ಅಂತ. ನಾನು ಗಿಟಾರ್ ನುಡಿಸುವುದು ಇಂಥ ಬ್ಯಾಂಡಿನಲ್ಲೇ. ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆಯುವ ಕೆಲಸವೂ ನನ್ನದೇ. ಇದಕ್ಕಿಂತ ಇಷ್ಟದ ವಿಷಯ ನನಗೆ ಇನ್ನೊಂದಿಲ್ಲ, ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನಾಲ್ಕು ಜನರ ಬ್ಯಾಂಡ್. ಮೆಗಾ ಮ್ಯಾನ್ 2 ಆಟದ ಒಂದು ಟ್ಯೂನ್ ಎತ್ತಿಕೊಂಡೆವು. ಎರಡೂ ಗಿಟಾರಿಗೆ ಭರ್ತಿ ಡಿಸ್ಟಾರ್ಷನ್ ಹಾಕಿ ನುಡಿಸಿದರೆ ಬರೀ ಗದ್ದಲ. ಮೂಲದಲ್ಲಿ ಅಷ್ಟು ಸ್ಪಷ್ಟವಾಗಿರುವುದು ನಮ್ಮ ಕೈಯಲ್ಲಿ ಯಾಕೆ ಕಲಸಿಹೋಗುತ್ತದೆ?

ಡಿಸ್ಟಾರ್ಷನ್, ಅಂದರೆ ಗಿಟಾರಿನ ಸದ್ದನ್ನು ಒರಟು ಮಾಡುವ ಎಫೆಕ್ಟ್, ಅದರ ಮೇಲೆ ತಪ್ಪು ಹೊರಿಸಬೇಡಿ. ನೀವು ಮೂಲದಲ್ಲಿ ಇಲ್ಲದ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಸೇರಿಸಿ ನುಡಿಸುತ್ತಿದ್ದೀರಿ ಅಂತ ನನ್ನ ಅನುಮಾನ.

ಆ ಆಟ 1988ರದ್ದು. ಅದು ಓಡುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ ಸದ್ದು ಮಾಡಲು ಇದ್ದದ್ದು ಐದೇ ಚಾನೆಲ್. ಎರಡು ಪಲ್ಸ್ ಚಾನೆಲ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಇನ್ನೊಂದು ಸಣ್ಣಪುಟ್ಟ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ನುಡಿಸುವುದಕ್ಕೆ. ಒಂದು ಚಾನೆಲ್ ಒಂದು ಹೊತ್ತಿಗೆ ಒಂದೇ ಸ್ವರ ನುಡಿಸಬಲ್ಲದು. ಅಂದರೆ ಅಲ್ಲಿ ಗಿಟಾರಿನ ಹಾಗೆ ಆರು ತಂತಿ ಒಟ್ಟಿಗೆ ಬಾರಿಸುವ ಮಾತೇ ಇಲ್ಲ. ಎರಡು ಪಲ್ಸ್ ಎರಡು ಸ್ವರ ಹಿಡಿಯುತ್ತವೆ, ಟ್ರಯಾಂಗಲ್ ಕೆಳಗೆ ಬಾಸ್ ಹಿಡಿಯುತ್ತದೆ, ನಾಯ್ಸ್ ಡ್ರಮ್ಸ್ ಆಗುತ್ತದೆ. ಉಳಿದ ಹಾರ್ಮನಿಯನ್ನು ನಿಮ್ಮ ಕಿವಿ ತಾನಾಗಿ ತುಂಬಿಕೊಳ್ಳುತ್ತದೆ. ನಿಮಗೆ ಕೇಳುವ ಆ ಸ್ಪಷ್ಟತೆ ಬಂದಿರುವುದು ಅಷ್ಟು ಕಡಿಮೆ ಸ್ವರ ಇರುವುದರಿಂದಲೇ.

ಈಗ ನಿಮ್ಮ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಕಡೆ ಬನ್ನಿ. ಒಂದೇ ಗಿಟಾರಿನಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿ ಡಿಸ್ಟಾರ್ಷನ್ ಮೂಲಕ ಕಳಿಸಿದರೆ, ಆ ಎರಡರ ಕಂಪನಸಂಖ್ಯೆಯ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಅವನ್ನು ನೀವು ಕೇಳಿ ಪಡೆದದ್ದಲ್ಲ, ಆದರೂ ಬರುತ್ತವೆ. ರೂಟ್ ಮತ್ತು ಫಿಫ್ತ್, ಅಂದರೆ ಸ ಮತ್ತು ಪ ನುಡಿಸಿದರೆ ತೊಂದರೆ ಇಲ್ಲ. ಹುಟ್ಟುವ ಹೊಸ ಸ್ವರಗಳು ಸರಿಯಾದ ಜಾಗದಲ್ಲೇ ಬಂದು ಕೂರುತ್ತವೆ, ಸದ್ದು ಇನ್ನೂ ದಪ್ಪ ಆಗುತ್ತದೆ. ಈ ಸ-ಪ ಜೋಡಿ, ಅಂದರೆ ಪವರ್ ಕಾರ್ಡ್, ರಾಕ್ ಸಂಗೀತದಲ್ಲಿ ಅಷ್ಟು ನಡೆಯುವುದು ಇದಕ್ಕೇ. ಅದೇ ಗಾಂಧಾರ ಸೇರಿಸಿ ನೋಡಿ. ಹೊಸ ಸ್ವರಗಳು ಅಲ್ಲಿ ಇಲ್ಲಿ ಬಿದ್ದು ಕಚ್ಚಾಡತೊಡಗುತ್ತವೆ. ಗೇಮ್ ಟ್ಯೂನ್‌ಗಳ ಸೊಗಸು ಬಹಳ ಸಲ ಇರುವುದು ಆ ಗಾಂಧಾರದಲ್ಲೇ, ಅಲ್ವಾ?

ಪರಿಹಾರ ಆ ಯಂತ್ರದ ಸದ್ದಿನ ಚಿಪ್‌ನಲ್ಲೇ ಇದೆ. ಗಿಟಾರಿಗೆ ಒಂದೊಂದೇ ಸ್ವರ ಕೊಡಿ. ಮೊದಲ ಪಲ್ಸ್ ಒಬ್ಬರಿಗೆ, ಎರಡನೆಯದು ಇನ್ನೊಬ್ಬರಿಗೆ. ಇಬ್ಬರ ಆಂಪ್ ಬೇರೆ ಬೇರೆ ಇರುವುದರಿಂದ ಡಿಸ್ಟಾರ್ಷನ್ ಒಳಗೆ ಸ್ವರಗಳು ಪರಸ್ಪರ ಸೇರುವುದಿಲ್ಲ. ಆಮೇಲೆ ಗಾಳಿಯಲ್ಲಿ ಸೇರಿದಾಗ ಗಾಂಧಾರವೂ ಚೊಕ್ಕವಾಗಿ ಕೇಳುತ್ತದೆ. ಕ್ಯಾಲಿಫೋರ್ನಿಯಾದ ದಿ ಅಡ್ವಾಂಟೇಜ್ ಬ್ಯಾಂಡ್ ಎರಡು ಗಿಟಾರ್, ಒಂದು ಬಾಸ್, ಒಂದು ಡ್ರಮ್ಸ್ ಇಟ್ಟುಕೊಂಡು ನಿಂಟೆಂಡೊ ಟ್ಯೂನ್‌ಗಳನ್ನು ನುಡಿಸಿದ್ದು ಹೆಚ್ಚುಕಡಿಮೆ ಈ ರೀತಿಯಲ್ಲೇ. ಆ ನಾಲ್ಕು ವಾದ್ಯ ನಾಲ್ಕು ಚಾನೆಲ್‌ಗೆ ಎಷ್ಟು ಸರಿಯಾಗಿ ಹೊಂದುತ್ತವೆ ಅನ್ನುವುದು ಪ್ರತಿ ಸಲ ಕೇಳಿದಾಗಲೂ ನನಗೆ ಖುಷಿ ಕೊಡುತ್ತದೆ.

ಇನ್ನೊಂದು ವಿಷಯ. ಎರಡನೇ ಪಲ್ಸ್ ಯಾವಾಗಲೂ ಹಾರ್ಮನಿ ನುಡಿಸುತ್ತಿದೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅದು ಮೊದಲನೆಯದರ ಅದೇ ಟ್ಯೂನನ್ನು ಚೂರು ತಡವಾಗಿ, ಕಡಿಮೆ ಸದ್ದಿನಲ್ಲಿ ನುಡಿಸುತ್ತಿರುತ್ತದೆ. ಆ ಚಿಪ್ಪಿನಲ್ಲಿ ಎಕೋ ಇರಲಿಲ್ಲ, ಅದಕ್ಕೆ ಸಂಯೋಜಕರು ಒಂದು ಚಾನೆಲ್ಲನ್ನೇ ಎಕೋ ಮಾಡಿಕೊಂಡರು. ಇದನ್ನು ಬರೆದುಕೊಂಡು ಎರಡನೇ ಗಿಟಾರಿಗೆ ಪೂರ್ತಿ ಜೋರಾಗಿ ಕೊಟ್ಟರೆ ಗದ್ದಲ ಖಂಡಿತ. ಅಂಥ ಕಡೆ ಮೊದಲ ಗಿಟಾರಿನ ಡಿಲೇ ಪೆಡಲ್ ಆನ್ ಮಾಡಿ, ಎರಡನೆಯವರಿಗೆ ಬೇರೆ ಕೆಲಸ ಕೊಡಿ. ಮೂರು ಸ್ವರವನ್ನು ಕಣ್ಣುಮುಚ್ಚಿ ಬಿಡುವುದರೊಳಗೆ ಸರಸರ ಬದಲಿಸಿ ಕಾರ್ಡ್ ಭ್ರಮೆ ಹುಟ್ಟಿಸುವ ನಡುಗುವ ಸದ್ದೂ ಇರುತ್ತದೆ. ಅದನ್ನು ಗಿಟಾರಿನಲ್ಲಿ ಹಾಗೇ ತರುವ ಹಟ ಬೇಡ. ಎರಡು ಗಿಟಾರ್ ಎರಡು ಸ್ವರ ಎಳೆದು ಹಿಡಿದರೆ ಸಾಕು, ಕೇಳುವವರಿಗೆ ಕಾರ್ಡ್ ಸಿಗುತ್ತದೆ.

ಇದೆಲ್ಲ ಗೊತ್ತಾಗಬೇಕಾದರೆ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಕೇಳಬೇಕು. ಹಳೆಯ ನಿಂಟೆಂಡೊ ಆಟಗಳ ಸಂಗೀತ ಎನ್‌ಎಸ್‌ಎಫ್ ಅನ್ನುವ ಕಡತ ರೂಪದಲ್ಲಿ ಸಿಗುತ್ತದೆ. ಅದನ್ನು ನುಡಿಸುವ ಪ್ಲೇಯರ್‌ಗಳಲ್ಲಿ ಬೇಕಾದ ಚಾನೆಲ್ ಮುಚ್ಚಬಹುದು. ಆಟ ಆಡುತ್ತಾ ಕೇಳಿ ಬರೆದುಕೊಳ್ಳಬೇಡಿ. ಆಟದ ಜಿಗಿತ, ಗುಂಡಿನ ಸದ್ದುಗಳೂ ಇದೇ ಚಾನೆಲ್‌ಗಳನ್ನೇ ಬಳಸುತ್ತವೆ, ಆ ಕ್ಷಣ ಸಂಗೀತದ ಒಂದು ಎಳೆ ಕಡಿದುಹೋಗಿರುತ್ತದೆ.

ಡಿಸ್ಟಾರ್ಷನ್ ಬಗ್ಗೆ ಕೊನೆಯ ಮಾತು. ಅದು ಮಾಡುವುದು ಏನು? ದುಂಡಗಿನ ಅಲೆಯ ನೆತ್ತಿಯನ್ನೂ ತಳವನ್ನೂ ಕತ್ತರಿಸಿ ಚಪ್ಪಟೆ ಮಾಡುವುದು. ಹಾಗೆ ಕತ್ತರಿಸುತ್ತಾ ಹೋದರೆ ಅಲೆ ಚೌಕವಾಗುತ್ತದೆ. ಪಲ್ಸ್ ಚಾನೆಲ್ ಕೊಡುವುದೂ ಚೌಕದ ಅಲೆಯನ್ನೇ. ಫಝ್ ಅನ್ನುವ ಭರ್ತಿ ಡಿಸ್ಟಾರ್ಷನ್ ಹಾಕಿ ಒಂದೊಂದೇ ಸ್ವರ ನುಡಿಸುವ ಗಿಟಾರೂ ಹಳೆಯ ಗೇಮಿನ ಪಲ್ಸೂ ಮೊದಲಿಂದ ಹತ್ತಿರದ ನೆಂಟರು. ಈ ಸಂಗೀತಕ್ಕೆ ರಾಕ್ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಡಿಸ್ಟಾರ್ಷನ್ ಇರಲಿ. ಸ್ವರ ಮಾತ್ರ ಕಡಿಮೆ ಮಾಡಿ.

ಪ್ರಶ್ನೆ: ನಾನು ಡ್ರಮ್ಮರ್. ಮೂಲ ಟ್ಯೂನಿನ ಜೊತೆ ನುಡಿಸಿ ಅಭ್ಯಾಸ ಮಾಡುತ್ತೇನೆ. ಮೆಟ್ರೋನೋಮ್ 150ಕ್ಕೆ ಇಟ್ಟರೆ ಸರಿಹೋದ ಹಾಗೆ ಕಾಣುತ್ತದೆ, ಆದರೆ ಹಾಡು ಮುಗಿಯುವಷ್ಟರಲ್ಲಿ ಜಾರಿರುತ್ತದೆ. ಇನ್ನೊಂದು ಕಡೆ ಸಿಕ್ಕ ಅದೇ ಟ್ಯೂನಿನ ರೆಕಾರ್ಡಿಂಗ್ ತೀರಾ ನಿಧಾನ. ಯಾವುದು ಸರಿ?

ಎರಡೂ ಸರಿ! ನಿಮ್ಮ ಕಿವಿಯೂ ಸರಿ.

ಆ ಆಟಗಳಲ್ಲಿ ಸಂಗೀತ ಮುಂದೆ ಸಾಗುವುದು ಟಿವಿ ಪರದೆಯ ಚಿತ್ರದ ಜೊತೆಗೆ. ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತದೆ, ಅಂಥ ಒಂದೊಂದು ಸಲಕ್ಕೂ ಫ್ರೇಮ್ ಅನ್ನುತ್ತಾರೆ. ಪ್ರತಿ ಸಲಕ್ಕೂ ಸಂಗೀತದ ಪ್ರೋಗ್ರಾಮ್ ಒಂದು ಹೆಜ್ಜೆ ಇಡುತ್ತದೆ. ಹಾಗಾಗಿ ಪ್ರತಿ ಸ್ವರದ ಉದ್ದವೂ ಪೂರ್ಣ ಫ್ರೇಮುಗಳಲ್ಲೇ ಇರಬೇಕು. ಒಂದು ಬೀಟಿನ ಕಾಲು ಭಾಗಕ್ಕೆ 6 ಫ್ರೇಮ್ ಕೊಟ್ಟರೆ ಬೀಟಿಗೆ 24 ಆಯಿತು, ನಿಮಿಷಕ್ಕೆ 150 ಬೀಟ್. 5 ಫ್ರೇಮ್ ಕೊಟ್ಟರೆ 180. 7 ಕೊಟ್ಟರೆ 128 ಚಿಲ್ಲರೆ. ನಡುವಿನ ವೇಗ ಬೇಕಿದ್ದರೆ ಒಂದು ಸ್ವರಕ್ಕೆ 6, ಇನ್ನೊಂದಕ್ಕೆ 7 ಅಂತ ಬದಲಿಸುತ್ತಾ ಹೋಗಬೇಕು. ಹಳೆಯ ಟ್ಯೂನ್‌ಗಳಲ್ಲಿ 150 ಅಷ್ಟು ಸಲ ಎದುರಾಗುವುದು ಸುಮ್ನೆ ಅಲ್ಲ.

ಈಗ ನಿಮ್ಮ ಜಾರುವಿಕೆ. ಆ ಯಂತ್ರ ನಿಜವಾಗಿ ಓಡುವುದು ಸೆಕೆಂಡಿಗೆ 60.1 ಫ್ರೇಮಿನಲ್ಲಿ. ಅಂದರೆ ವೇಗ 150 ಅಲ್ಲ, 150.25ರ ಹತ್ತಿರ. ಮೂರು ನಿಮಿಷ ನುಡಿಸಿದರೆ ಅರ್ಧ ಬೀಟಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಇಷ್ಟು ಸಣ್ಣದನ್ನು ನೀವು ಗಮನಿಸಿದಿರಲ್ಲ, ನಿಮ್ಮಂಥ ಡ್ರಮ್ಮರ್ ಸಿಕ್ಕ ಬ್ಯಾಂಡ್ ಪುಣ್ಯ ಮಾಡಿದೆ.

ನಿಧಾನದ ರೆಕಾರ್ಡಿಂಗ್ ಬಹುಶಃ ಯುರೋಪಿನ ಯಂತ್ರದ್ದು. ಅಲ್ಲಿನ ಪಾಲ್ ಪದ್ಧತಿಯ ಟಿವಿಗಳು ಸೆಕೆಂಡಿಗೆ 50 ಸಲ ಹೊಸದಾಗುತ್ತಿದ್ದವು. ಸಂಗೀತವನ್ನು ಅದಕ್ಕೆ ತಕ್ಕ ಹಾಗೆ ತಿದ್ದದೆ ಬಿಟ್ಟ ಆಟಗಳಲ್ಲಿ 150ರ ಟ್ಯೂನ್ 125ಕ್ಕೆ ಇಳಿಯಿತು. ಆ ವೇಗದಲ್ಲೇ ಕೇಳಿ ಬೆಳೆದವರಿಗೆ ಅದೇ ಸರಿಯಾದ ಟ್ಯೂನ್. ನನ್ನ ಸಲಹೆ: ವೇದಿಕೆಯಲ್ಲಿ ಈ ಎರಡೂ ಅಂಕಿಗಳಿಗೆ ಕಟ್ಟುಬೀಳಬೇಡಿ. ಚಿಪ್ಪಿಗೆ ಉಸಿರು ತೆಗೆದುಕೊಳ್ಳುವ ಅಗತ್ಯ ಇಲ್ಲ, ಗಿಟಾರಿಸ್ಟಿನ ಬೆರಳಿಗೆ ಇದೆ. ಟ್ಯೂನಿನಲ್ಲಿರುವ ಅತಿ ವೇಗದ ಸಾಲನ್ನು ನಿಮ್ಮ ಬ್ಯಾಂಡ್ ಎಷ್ಟು ವೇಗದಲ್ಲಿ ಚೊಕ್ಕವಾಗಿ ನುಡಿಸುತ್ತದೋ ಅದೇ ನಿಮ್ಮ ವೇಗ. 142 ಆದರೂ ಪರವಾಗಿಲ್ಲ. ಆದರೆ ಹಾಡಿನ ಮಧ್ಯೆ ಅದು ಏರಬಾರದು.

ಡ್ರಮ್ಸ್ ಭಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಯ್ಸ್ ಚಾನೆಲ್ ಒಂದೇ ಇರುವುದರಿಂದ ಸ್ನೇರ್ ಡ್ರಮ್ಮಿನ ಏಟು ಬಿದ್ದ ಗಳಿಗೆ ಹೈ ಹ್ಯಾಟ್ ಸಿಂಬಲ್ಲಿನ ಸದ್ದು ನಿಂತುಹೋಗುತ್ತದೆ. ಆ ಸಣ್ಣ ಖಾಲಿ ಜಾಗ ಟ್ಯೂನಿಗೆ ಒಂದು ಕುಂಟು ನಡಿಗೆ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಹೊಡೆಯುವ ಬದಲು ಒಂದು ಸಲ ಹಾಗೇ ನುಡಿಸಿ ನೋಡಿ. ಎಷ್ಟೋ ಹಾಡಿಗೆ ಅದು ನಿಜಕ್ಕೂ ಒಪ್ಪುತ್ತದೆ.

ಪ್ರಶ್ನೆ: ಬಾಸ್ ಗಿಟಾರ್ ನುಡಿಸುವವಳು ನಾನು. ಉಳಿದ ಹಾಡುಗಳಲ್ಲಿ ಆರಾಮಾಗಿರುತ್ತೇನೆ. ಗೇಮ್ ಟ್ಯೂನ್ ಬಂದರೆ ಬಾಸ್ ಒಂದು ಕಡೆ ನಿಲ್ಲುವುದೇ ಇಲ್ಲ, ಮೇಲೆ ಕೆಳಗೆ ಜಿಗಿಯುತ್ತಲೇ ಇರುತ್ತದೆ. ಸರಳ ಮಾಡಿಕೊಂಡರೆ ತಪ್ಪಾ?

ಎಲ್ಲ ಕಡೆ ಸರಳ ಮಾಡಿದರೆ ಹಾಡಿನ ಅರ್ಧ ಜೀವ ಹೋಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಗಿಟಾರಿಗಿಂತ ಬಾಸ್‌ನವರಿಗೇ ಈ ಸಂಗೀತದಲ್ಲಿ ಜಾಸ್ತಿ ಕೆಲಸ, ಜಾಸ್ತಿ ಗೌರವ.

ಅದು ಜಿಗಿಯುವುದಕ್ಕೆ ಕಾರಣ ಇದೆ. ಬಾಸ್ ನುಡಿಸುತ್ತಿದ್ದ ಟ್ರಯಾಂಗಲ್ ಚಾನೆಲ್‌ಗೆ ಸದ್ದು ಏರಿಸುವ, ಇಳಿಸುವ ಸೌಲಭ್ಯವೇ ಇರಲಿಲ್ಲ. ಆನ್ ಅಥವಾ ಆಫ್, ಅಷ್ಟೇ. ಒಂದು ಸ್ವರಕ್ಕೆ ಒತ್ತು ಕೊಡಬೇಕಿದ್ದರೆ ಜೋರಾಗಿ ನುಡಿಸುವ ಹಾಗಿಲ್ಲ. ಬದಲಿಗೆ ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಹಾರಬೇಕು, ಇಲ್ಲ ಸ್ವರವನ್ನು ಗಿಡ್ಡ ಮಾಡಬೇಕು. ಜೊತೆಗೆ ಸಣ್ಣ ಟಿವಿ ಸ್ಪೀಕರಿನಲ್ಲಿ ತೀರಾ ಕೆಳಗಿನ ಸ್ವರ ಸರಿಯಾಗಿ ಕೇಳುವುದಿಲ್ಲ. ಆ ಜಿಗಿತಗಳಲ್ಲಿ ಒತ್ತು ಯಾವುದು, ಸ್ವರ ಯಾವುದು ಅಂತ ಬಿಡಿಸಿ ನೋಡಿ. ಒತ್ತಿಗಾಗಿ ಮಾತ್ರ ಇರುವ ಆಕ್ಟೇವ್ ಜಿಗಿತವನ್ನು ಕೆಳಗೇ ಗಟ್ಟಿಯಾಗಿ ನುಡಿಸಿದರೆ ನಡೆಯುತ್ತದೆ. ಟ್ಯೂನಿಗೆ ಉತ್ತರ ಕೊಡುವ ಹಾಗೆ ಮೇಲೆ ಹತ್ತುವ ಸಾಲು ಇದ್ದರೆ ಅದನ್ನು ಮುಟ್ಟಬೇಡಿ.

ಇನ್ನೂ ಹತ್ತಿರದಿಂದ ಕೇಳಿದರೆ ಬಾಸ್ ಒಂದೊಂದು ಕಡೆ ತಟ್ಟನೆ ಮಾಯವಾಗುವುದು ಗೊತ್ತಾಗುತ್ತದೆ. ಆ ಹೊತ್ತಿಗೆ ಸರಿಯಾಗಿ "ಡುವ್" ಅಂತ ಟಾಮ್ ಡ್ರಮ್ಮಿನ ಏಟು ಬಿದ್ದಿರುತ್ತದೆ. ಅದೂ ಟ್ರಯಾಂಗಲ್ಲೇ. ಸ್ವರವನ್ನು ಮೇಲಿಂದ ಕೆಳಕ್ಕೆ ಸರ್ರನೆ ಎಳೆದರೆ ಟಾಮ್ ಆಗುತ್ತದೆ, ಆದರೆ ಅಷ್ಟು ಹೊತ್ತು ಬಾಸ್ ಇಲ್ಲ. ನಿಮ್ಮ ಡ್ರಮ್ಮರ್ ಟಾಮ್ ಹೊಡೆಯುವಾಗ ನೀವು ಆ ಜಾಗ ತುಂಬಬೇಡಿ, ಎಡಗೈಯಿಂದ ತಂತಿ ಮುಚ್ಚಿ ಬಿಡಿ. ಟಾಮ್ ಎಷ್ಟು ದೊಡ್ಡದಾಗಿ ಕೇಳುತ್ತದೆ ನೋಡಿ. ಅಂದಹಾಗೆ ಪಿಕ್ ಬಳಸಿ. ಬೆರಳಿನ ಮೃದು ಸದ್ದು ಎರಡು ಡಿಸ್ಟಾರ್ಷನ್ ಗಿಟಾರುಗಳ ನಡುವೆ ಕಾಣೆಯಾಗುತ್ತದೆ.

ಪ್ರಶ್ನೆ: ಮೊದಲ ಲೈವ್ ಕಾರ್ಯಕ್ರಮ ಹತ್ತಿರ ಬಂತು. ಗೇಮ್ ಟ್ಯೂನುಗಳಿಗೆ ಕೊನೆ ಅನ್ನುವುದೇ ಇಲ್ಲವಲ್ಲ! ಒಂದು ನಿಮಿಷಕ್ಕೆ ತಿರುಗಿ ಮೊದಲಿಗೆ ಬರುತ್ತವೆ. ವೇದಿಕೆ ಮೇಲೆ ಎಷ್ಟು ಸಲ ತಿರುಗಿಸಬೇಕು, ಹೇಗೆ ಮುಗಿಸಬೇಕು?

ಇದು ಈ ಸಲದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ.

ಆ ಟ್ಯೂನುಗಳು ಸುತ್ತುವುದು ಆಟಗಾರ ಎಷ್ಟು ಹೊತ್ತು ಆಡುತ್ತಾನೋ ಗೊತ್ತಿಲ್ಲದ ಕಾರಣ. ಆಡುವವನ ಕೈಯಲ್ಲಿ ಕೆಲಸ ಇರುತ್ತದೆ, ಹತ್ತನೇ ಸುತ್ತಿಗೂ ಬೇಸರ ಇಲ್ಲ. ಎದುರಿಗೆ ನಿಂತು ಕೇಳುವವರಿಗೆ ಅಂಥ ಕೆಲಸ ಇಲ್ಲ. ಹಂತದ ಕೊನೆಯ ದೊಡ್ಡ ಶತ್ರುವಿನ ಜೊತೆಗಿನ ಯುದ್ಧದ ಟ್ಯೂನ್‌ಗಳಲ್ಲಿ ಕೆಲವು ಅರ್ಧ ನಿಮಿಷವೂ ಇರುವುದಿಲ್ಲ. ಅದನ್ನು ಹಾಗೇ ಐದು ಸಲ ತಿರುಗಿಸಿದರೆ ಯಾರೂ ನಿಲ್ಲುವುದಿಲ್ಲ.

ನಾನು ಬರೆಯುವಾಗ ಮೊದಲ ಸುತ್ತನ್ನು ಆದಷ್ಟು ಮೂಲದ ಹಾಗೇ ಇಡುತ್ತೇನೆ. ಕೇಳುಗರು ಗುರುತು ಹಿಡಿಯುವುದು ಅಲ್ಲಿ. ಮೊದಲ ಎರಡು ಬಾರ್ (ತಾಳದ ಆವರ್ತ) ಕಿವಿಗೆ ಬೀಳುತ್ತಲೇ ಕೂಗು ಏಳುತ್ತದಲ್ಲ, ಆ ಗಳಿಗೆಯನ್ನು ಉದ್ದದ ಪೀಠಿಕೆ ಹಾಕಿ ಹಾಳು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎರಡನೇ ಸುತ್ತಿನಲ್ಲಿ ತೆಗೆಯುತ್ತೇನೆ. ಗಿಟಾರ್ ಪೂರ್ತಿ ನಿಲ್ಲಿಸಿ ಬಾಸ್ ಮತ್ತು ಡ್ರಮ್ಸ್ ಮಾತ್ರ ಬಿಡುವುದು, ಇಲ್ಲ ಒಂದೇ ಗಿಟಾರ್ ಡಿಸ್ಟಾರ್ಷನ್ ಇಲ್ಲದೆ ಟ್ಯೂನ್ ನುಡಿಸುವುದು. ಜನ ಒಳಗೊಳಗೇ ಟ್ಯೂನ್ ಗುನುಗಿಕೊಳ್ಳುವುದು ಆಗಲೇ. ಮೂರನೇ ಸುತ್ತಿಗೆ ಎಲ್ಲರೂ ವಾಪಸ್, ಎರಡನೇ ಗಿಟಾರ್ ಮೇಲಿನ ಹಾರ್ಮನಿಗೆ ಹೋಗಬಹುದು. ನಾಲ್ಕನೆಯದು ಬೇಕು ಅನ್ನಿಸಿದರೆ ಅದರಲ್ಲಿ ಹೊಸದೇನೋ ಇರಲೇಬೇಕು, ಇಲ್ಲದಿದ್ದರೆ ಬೇಡ.

ಹೇಗೆ ಮುಗಿಸಬೇಕು ಅನ್ನುವುದಕ್ಕೆ ಮೂಲದ ಟ್ಯೂನಿನಲ್ಲಿ ಉತ್ತರ ಇಲ್ಲ, ಆದರೆ ಆಟದಲ್ಲಿ ಇದೆ. ಪ್ರತಿ ಹಂತ ಗೆದ್ದಾಗ ಒಂದು ಪುಟ್ಟ ಜಿಂಗಲ್ ಬರುತ್ತದೆ, ಅದನ್ನೇ ಮುಕ್ತಾಯಕ್ಕೆ ಇಟ್ಟುಕೊಳ್ಳಿ. ಅದೇ ಆಟದ್ದಾಗಿರಬೇಕು, ಬೇಕಿದ್ದರೆ ಶ್ರುತಿ ಬದಲಿಸಿ. ಎಲ್ಲ ವಾದ್ಯ ಒಟ್ಟಿಗೆ, ಒಂದೇ ಏಟಿಗೆ ನಿಲ್ಲಬೇಕು. ಕಾರ್ಯಕ್ರಮದ ಕೊನೆಯ ಹಾಡಿಗೆ ಗೇಮ್ ಓವರ್ ಜಿಂಗಲ್ ಇಟ್ಟುಕೊಳ್ಳುವವರೂ ಇದ್ದಾರೆ.

ಇನ್ನೊಂದು ದಾರಿ ಮೆಡ್ಲಿ. ಅಮೆರಿಕದ ಮಿನಿಬಾಸಸ್ ಬ್ಯಾಂಡ್ ಒಂದೇ ಆಟದ ಹಲವು ಟ್ಯೂನುಗಳನ್ನು ಸಾಲಾಗಿ ಪೋಣಿಸಿ ಉದ್ದನೆಯ ಒಂದೇ ತುಂಡಾಗಿ ನುಡಿಸುತ್ತದೆ. ಕೇಳುವವರಿಗೆ ಇಡೀ ಆಟ ಆಡಿದ ಅನುಭವ. ಜಾರ್ಜಿಯಾ ರಾಜ್ಯದ ಬಿಟ್ ಬ್ರಿಗೇಡ್ ಇನ್ನೂ ಮುಂದೆ ಹೋಗಿದೆ. ವೇದಿಕೆ ಮೇಲೆ ಒಬ್ಬರು ನಿಜವಾಗಿ ಆಟ ಆಡುತ್ತಾರೆ, ಮೊದಲಿಂದ ಕೊನೆಯವರೆಗೆ, ಆದಷ್ಟು ಬೇಗ. ಪರದೆ ಎಲ್ಲರಿಗೂ ಕಾಣುತ್ತದೆ. ಬ್ಯಾಂಡ್ ಆ ಆಟಕ್ಕೆ ತಕ್ಕ ಹಾಗೆ ಸಂಗೀತ ನುಡಿಸುತ್ತದೆ. ಬಾಗಿಲು ದಾಟಿದ ತಕ್ಷಣ ಟ್ಯೂನ್ ಬದಲಾಗಬೇಕು!

ಅದನ್ನು ನೀವೂ ಪ್ರಯತ್ನಿಸಬೇಕೆಂದರೆ ಒಂದೇ ಒಂದು ನಿಯಮ ಮೊದಲೇ ಗಟ್ಟಿ ಮಾಡಿಕೊಳ್ಳಿ. ಪರದೆ ನೋಡುವವರು ಒಬ್ಬರೇ, ಅದು ಡ್ರಮ್ಮರ್. ಉಳಿದವರೆಲ್ಲ ಡ್ರಮ್ಮರನ್ನು ನೋಡಬೇಕು. ಪ್ರತಿ ಟ್ಯೂನಿನಲ್ಲೂ ಎಷ್ಟು ಸಲ ಬೇಕಾದರೂ ತಿರುಗಿಸಬಹುದಾದ ಎರಡು ಬಾರ್ ಗುರುತು ಮಾಡಿಟ್ಟುಕೊಳ್ಳಿ. ಆಟಗಾರ ಬಾಗಿಲ ಹತ್ತಿರ ಬಂದಾಗ ಬ್ಯಾಂಡ್ ಆ ಎರಡು ಬಾರ್‌ಗಳಿಗೆ ಬಂದು ಸುತ್ತುತ್ತಿರುತ್ತದೆ. ಡ್ರಮ್ಮರ್ ಕೋಲು ಎತ್ತಿ ಸನ್ನೆ ಮಾಡಿದರೆ ಮುಂದಿನ ಒಂದನೇ ಬೀಟಿಗೆ ಹೊಸ ಟ್ಯೂನ್. ಆಟಗಾರ ನಡುವೆ ಸತ್ತರೆ ಏನು ನುಡಿಸಬೇಕು ಅನ್ನುವುದನ್ನೂ ಅಭ್ಯಾಸದಲ್ಲೇ ತೀರ್ಮಾನಿಸಿ. ಮೊದಲ ಕಾರ್ಯಕ್ರಮಕ್ಕೆ ಮಾತ್ರ ಇದು ಬೇಡ. ಐದಾರು ಹಾಡು, ಪ್ರತಿಯೊಂದಕ್ಕೂ ಗಟ್ಟಿ ಕೊನೆ, ಅಷ್ಟು ಸಾಕು.

ಪ್ರಶ್ನೆ: ಚಿಪ್ಪಿನ ಮೂಲ ಸದ್ದನ್ನೇ ಲ್ಯಾಪ್‌ಟಾಪಿನಿಂದ ಹಿನ್ನೆಲೆಗೆ ಹಾಕಿ ಅದರ ಮೇಲೆ ನುಡಿಸಬಹುದೇ? ನಮ್ಮ ಕೀಬೋರ್ಡಿಸ್ಟ್ ಬಿಟ್ಟುಹೋದ.

ಹಾಕಬಹುದು. ನ್ಯೂಯಾರ್ಕಿನ ಆನಾಮಾನಾಗುಚಿ ಬ್ಯಾಂಡ್ ಹಳೆಯ ನಿಂಟೆಂಡೊ ಯಂತ್ರದ ಸದ್ದನ್ನೇ ಗಿಟಾರ್, ಬಾಸ್, ಡ್ರಮ್ಸ್ ಜೊತೆ ಸೇರಿಸಿ ಹೆಸರು ಮಾಡಿತು. ಅವರು ನುಡಿಸುವುದು ಹೆಚ್ಚಾಗಿ ತಾವೇ ಬರೆದ ಸಂಗೀತ, ಚಿಪ್ಪಿಗೂ ಗಿಟಾರಿಗೂ ಬೇರೆ ಬೇರೆ ಜಾಗ ಮೊದಲೇ ಇಟ್ಟು ಬರೆದದ್ದು. ನೀವು ಮಾಡಲು ಹೊರಟಿರುವುದು ಅದಲ್ಲ. ಚಿಪ್ ಅದೇ ಟ್ಯೂನ್ ನುಡಿಸುತ್ತಿದ್ದರೆ ಅದರ ಮೇಲೆ ಗಿಟಾರ್ ನುಡಿಸುವುದು ಯಾಕೆ? ಎರಡೂ ಒಂದೇ ಎತ್ತರದಲ್ಲಿ ಗುದ್ದಾಡುತ್ತವೆ. ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ (ಮೆಟ್ರೋನೋಮ್ ಸದ್ದು) ಇಟ್ಟುಕೊಂಡು ಅದಕ್ಕೆ ಕಟ್ಟುಬೀಳಬೇಕು, ಸುತ್ತುಗಳನ್ನು ಹಿಗ್ಗಿಸುವ ಸ್ವಾತಂತ್ರ್ಯವೂ ಹೋಯಿತು.

ಬೇಕೇ ಬೇಕು ಅಂದರೆ ಒಂದು ಎಳೆ ಮಾತ್ರ ಹಾಕಿ, ಮನುಷ್ಯರ ಕೈಗೆ ಬಾರದ್ದನ್ನು. ಮೊದಲು ಹೇಳಿದೆನಲ್ಲ, ಆ ನಡುಗುವ ಮೂರು ಸ್ವರದ ಸದ್ದು, ಅದಕ್ಕೆ ಇದು ಸರಿಯಾದ ಜಾಗ.

ಕೀಬೋರ್ಡ್ ಇಲ್ಲದೆ ನಿಜವಾಗಿ ಕಷ್ಟ ಆಗುವುದು ನಂತರದ ಯಂತ್ರಗಳ ಸಂಗೀತಕ್ಕೆ. ಸೆಗಾ ಮೆಗಾ ಡ್ರೈವ್‌ನಲ್ಲಿ ಯಮಾಹಾ ಚಿಪ್ಪಿನ ಆರು ಎಫ್‌ಎಂ (ರೇಡಿಯೋ ಅಲ್ಲ, ಅಲೆಯಿಂದ ಅಲೆ ಬದಲಿಸಿ ಸದ್ದು ಕಟ್ಟುವ ವಿಧಾನ) ಚಾನೆಲ್‌ಗಳಿದ್ದವು, ಸೂಪರ್ ನಿಂಟೆಂಡೊದಲ್ಲಿ ಸ್ಯಾಂಪಲ್ ನುಡಿಸುವ ಎಂಟು. ಅಲ್ಲಿ ನಾಲ್ಕು ಜನಕ್ಕೆ ಹಂಚುವಾಗ ಏನನ್ನೋ ಬಿಡಲೇಬೇಕು. ಹೊಸ ಕೀಬೋರ್ಡಿಸ್ಟ್ ಸಿಗುವ ತನಕ 8 ಬಿಟ್ ಕಾಲದ, ಅಂದರೆ ಆ ಹಳೆಯ ನಿಂಟೆಂಡೊ ಕಾಲದ ಟ್ಯೂನುಗಳನ್ನೇ ನುಡಿಸಿ.

ಪ್ರಶ್ನೆ: ನಮ್ಮ ಅಪ್ಪ ಸಂಗೀತ ಬಲ್ಲವರು. "ಮಕ್ಕಳಾಟದ ಪೀಂ ಪೀಂ ಸದ್ದನ್ನು ವೇದಿಕೆ ಮೇಲೆ ನುಡಿಸುತ್ತೀರಾ? ನಿಮ್ಮದೇ ಏನಾದರೂ ಮಾಡಿ" ಅನ್ನುತ್ತಾರೆ. ಏನು ಹೇಳಲಿ?

ಅವರು ಸಂಗೀತ ಬಲ್ಲವರಾದರೆ ವಾದ ಬೇಡ, ಒಂದು ಟ್ಯೂನಿನ ಮೂರು ಎಳೆಗಳನ್ನು ಕಾಗದದ ಮೇಲೆ ಬರೆದು ತೋರಿಸಿ. 1986ರ ಕ್ಯಾಸಲ್‌ವೇನಿಯಾ ಒಳ್ಳೆಯದು. ಅದಕ್ಕೆ ಸಂಗೀತ ಕೊಟ್ಟವರು ಕಿನುಯೊ ಯಮಾಶಿತಾ ಮತ್ತು ಸತೋಯೆ ತೆರಾಶಿಮಾ ಎಂಬ ಇಬ್ಬರು ಮಹಿಳೆಯರು. ಮೂರೇ ಎಳೆಯಲ್ಲಿ ಹಾರ್ಮನಿ ಹೇಗೆ ನಿಲ್ಲಿಸಿದ್ದಾರೆ ಅನ್ನುವುದನ್ನು ಸಂಗೀತ ಬಲ್ಲ ಕಣ್ಣು ತಕ್ಷಣ ಹಿಡಿಯುತ್ತದೆ.

ವೇದಿಕೆಗೆ ಇದು ಹೊಸದೂ ಅಲ್ಲ. ಡ್ರ್ಯಾಗನ್ ಕ್ವೆಸ್ಟ್ ಆಟದ ಸಂಗೀತವನ್ನು ಅದರ ಸಂಯೋಜಕ ಕೊಯಿಚಿ ಸುಗಿಯಾಮಾ ಟೋಕಿಯೊದಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಿದ್ದು 1987ರಲ್ಲೇ. ಸೆಗಾ ಕಂಪನಿಯಲ್ಲಿ ಎಸ್‌ಎಸ್‌ಟಿ ಬ್ಯಾಂಡ್ ಇತ್ತು, ಟೈಟೊ ಕಂಪನಿಯಲ್ಲಿ ಜುಂಟಾಟಾ. ಆಟಕ್ಕೆ ಸಂಗೀತ ಬರೆಯುವವರೇ ವೇದಿಕೆ ಹತ್ತಿ ಅದನ್ನು ನುಡಿಸುತ್ತಿದ್ದರು. 1990ರಲ್ಲಿ ಈ ಎರಡೂ ಬ್ಯಾಂಡ್ ಒಂದೇ ಗೇಮ್ ಮ್ಯೂಸಿಕ್ ಉತ್ಸವದಲ್ಲಿ ನುಡಿಸಿದವು.

ನನಗೆ ಜಾಸ್ತಿ ಹತ್ತಿರದ ಉದಾಹರಣೆ ದಿ ಬ್ಲ್ಯಾಕ್ ಮೇಜಸ್. ಫೈನಲ್ ಫ್ಯಾಂಟಸಿ ಆಟಗಳ ಸಂಯೋಜಕ ನೊಬುವೊ ಉಯೆಮಾತ್ಸು ತಾವೇ ಕೀಬೋರ್ಡ್ ಹಿಂದೆ ನಿಂತ ರಾಕ್ ಬ್ಯಾಂಡ್ ಅದು. ಆಟದ ಯುದ್ಧದ ಟ್ಯೂನುಗಳನ್ನು ಹಾರ್ಡ್ ರಾಕ್ ಮಾಡಿ 2003ರಲ್ಲಿ ಮೊದಲ ಆಲ್ಬಮ್ ತಂದರು. ಪ್ರೋಗ್ರೆಸಿವ್ ರಾಕ್ ಕೇಳಿ ಬೆಳೆದವರು ಉಯೆಮಾತ್ಸು. ಆ ಟ್ಯೂನುಗಳ ಒಳಗೆ ರಾಕ್ ಮೊದಲಿಂದಲೇ ಇತ್ತು, ಯಂತ್ರದಲ್ಲಿ ಅದಕ್ಕೆ ಜಾಗ ಇರಲಿಲ್ಲ ಅಷ್ಟೇ. ಇನ್ನು 2022ರಲ್ಲಿ ಒಂದು ಕಿರ್ಬಿ ಆಟದ ಟ್ಯೂನಿನ, ದಿ 8 ಬಿಟ್ ಬಿಗ್ ಬ್ಯಾಂಡ್ ನುಡಿಸಿದ ಜಾಝ್ ಅರೇಂಜ್‌ಮೆಂಟಿಗೆ ಗ್ರ್ಯಾಮಿ ಬಂತು. ಪ್ರಶಸ್ತಿ ಬಂದದ್ದಕ್ಕೇ ಸಂಗೀತ ದೊಡ್ಡದಾಯಿತು ಅಂತ ನಾನು ಹೇಳುವುದಿಲ್ಲ, ಆದರೆ ಅರೇಂಜ್‌ಮೆಂಟ್ ಅನ್ನುವುದು ಅದರದೇ ಆದ ಕಲೆ ಅಂತ ಅಪ್ಪನಿಗೆ ತೋರಿಸಲು ಇದು ಸಹಾಯಕ್ಕೆ ಬರಬಹುದು.

"ನಿಮ್ಮದೇ ಏನಾದರೂ ಮಾಡಿ" ಅನ್ನುವ ಮಾತು ಮಾತ್ರ ತಳ್ಳಿಹಾಕಬೇಡಿ. ಅದು ಒಳ್ಳೆಯ ಮಾತು. ಇಂಥ ಟ್ಯೂನುಗಳನ್ನು ಬಿಡಿಸಿ ಕಟ್ಟಿದವರು ಆಮೇಲೆ ಸ್ವಂತ ಹಾಡು ಬರೆದಾಗ ಅದರಲ್ಲಿ ಒಂದೂ ದಂಡದ ಸ್ವರ ಇರುವುದಿಲ್ಲ.

ಪ್ರಶ್ನೆ: ಇದಕ್ಕೆಲ್ಲ ಅನುಮತಿ ಬೇಕಾ?

ಟ್ಯೂನಿನ ಹಕ್ಕು ಒಂದು, ಅದರ ರೆಕಾರ್ಡಿಂಗಿನ ಹಕ್ಕು ಇನ್ನೊಂದು. ನೀವೇ ನುಡಿಸಿದರೆ ಎರಡನೆಯದರ ಗೊಡವೆ ಇಲ್ಲ, ಮೊದಲನೆಯದು ಇದ್ದೇ ಇದೆ. ಸಾರ್ವಜನಿಕವಾಗಿ ನುಡಿಸುವ ಪರವಾನಗಿಯನ್ನು ಬಹಳ ಕಡೆ ಸಭಾಂಗಣ ಇಲ್ಲವೇ ಆಯೋಜಕರು ತೆಗೆದುಕೊಂಡಿರುತ್ತಾರೆ. ಕಾರ್ಯಕ್ರಮ ಒಪ್ಪಿಕೊಳ್ಳುವ ಮೊದಲು ಅವರನ್ನೇ ಕೇಳಿ. ಆಲ್ಬಮ್ ಮಾಡಿ ಮಾರುವುದಾದರೆ ಪ್ರತ್ಯೇಕ ಪರವಾನಗಿ ಬೇಕು. ಆಟದ ದೃಶ್ಯ ಸೇರಿಸಿ ವಿಡಿಯೋ ಮಾಡುವುದು ಮತ್ತೊಂದು. ನಿಯಮ ದೇಶದಿಂದ ದೇಶಕ್ಕೆ ಬೇರೆ. ಪೋಸ್ಟರ್ ಮೇಲೂ ವೇದಿಕೆ ಮೇಲೂ ಸಂಯೋಜಕರ ಹೆಸರು ಹೇಳಿ. ಆ ಕಾಲದಲ್ಲಿ ಎಷ್ಟೋ ಜನ ಅಡ್ಡಹೆಸರಿನಲ್ಲಿ ಕೆಲಸ ಮಾಡಿದರು. ಮೆಗಾ ಮ್ಯಾನ್ 2ರ ತಕಾಶಿ ತಾತೆಯಿಶಿ ಅವರ ನಿಜವಾದ ಹೆಸರು ಆ ಆಟದ ಪರದೆಯಲ್ಲಿ ಬರಲೇ ಇಲ್ಲ. ಈಗಲಾದರೂ ಜೋರಾಗಿ ಹೇಳೋಣ.

ಪ್ರಶ್ನೆ: ಅಭ್ಯಾಸದ ಕೋಣೆಯಲ್ಲಿ ಚೆನ್ನಾಗಿ ಕೇಳುವ ನಮ್ಮ ಲೀಡ್ ಗಿಟಾರ್ ವೇದಿಕೆಯಲ್ಲಿ ಕೇಳಿಸುವುದೇ ಇಲ್ಲ. ವಾಲ್ಯೂಮ್ ಎಷ್ಟು ಏರಿಸಿದರೂ ಅಷ್ಟೇ.

ವಾಲ್ಯೂಮ್ ಬಿಡಿ, ಗೇನ್, ಅಂದರೆ ಡಿಸ್ಟಾರ್ಷನ್ ಪ್ರಮಾಣ ಇಳಿಸಿ. ಗೇನ್ ಜಾಸ್ತಿಯಾದಷ್ಟೂ ಸ್ವರದ ಮೊದಲ ಏಟು ಮೊಂಡಾಗುತ್ತದೆ. ಗೇಮ್ ಟ್ಯೂನುಗಳಲ್ಲಿ ಒಂದೊಂದು ಸ್ವರವೂ ಚುಚ್ಚಿದ ಹಾಗೆ ಶುರುವಾಗಬೇಕು. ಆಮೇಲೆ ಆಂಪಿನ ಮಿಡ್, ಅಂದರೆ ನಡುವಿನ ಎತ್ತರದ ಸದ್ದಿನ ಗುಂಡಿ ನೋಡಿ. ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಮಿಡ್ ಕಡಿಮೆ ಮಾಡಿ ಬಾಸ್, ಟ್ರೆಬಲ್ ಏರಿಸಿದರೆ ಕೇಳಲು ಭರ್ಜರಿ. ಬ್ಯಾಂಡಿನ ನಡುವೆ ನೀವು ಏರಿಸಿದ ಬಾಸ್ ಸದ್ದು, ಬಾಸ್ ಗಿಟಾರಿನ ಕೆಳಗೆ ಹೂತುಹೋಗುತ್ತದೆ, ಟ್ರೆಬಲ್ ಸಿಂಬಲ್ಲುಗಳ ಕೆಳಗೆ. ಗಿಟಾರಿಗೆ ಅಂತ ಉಳಿಯುವುದು ಮಿಡ್ ಒಂದೇ, ಅದನ್ನೇ ನೀವು ತೆಗೆದಿದ್ದೀರಿ.

ಎರಡೂ ಗಿಟಾರಿಗೆ ಒಂದೇ ಸದ್ದು ಇಡಬೇಡಿ. ಚಿಪ್ಪಿನಲ್ಲಿ ಪಲ್ಸ್ ಅಗಲ, ಅಂದರೆ ಪ್ರತಿ ಅಲೆಯಲ್ಲಿ ಮೇಲಿರುವ ಪಾಲು ಎಷ್ಟು ಅನ್ನುವುದನ್ನು ಬದಲಿಸಿ ಎರಡು ಎಳೆಗಳನ್ನು ಬೇರೆ ಮಾಡುತ್ತಿದ್ದರು. 50 ಪ್ರತಿಶತದ ಪಲ್ಸ್ ಟೊಳ್ಳಾಗಿ, ದುಂಡಗೆ ಕೇಳುತ್ತದೆ. 12.5ರದ್ದು ತೆಳ್ಳಗೆ, ಮೂಗಿನಲ್ಲಿ ಹಾಡಿದ ಹಾಗೆ. ನೀವೂ ಹಾಗೇ ಮಾಡಿ. ಲೀಡ್ ಬ್ರಿಡ್ಜ್ ಪಿಕಪ್‌ನಲ್ಲಿ (ತಂತಿಯ ಬುಡದ ಹತ್ತಿರ ಸದ್ದು ಹಿಡಿಯುವುದು) ಇರಲಿ, ಇನ್ನೊಬ್ಬರು ನೆಕ್ ಪಿಕಪ್‌ಗೆ (ಗಿಟಾರಿನ ಕತ್ತಿನ ಹತ್ತಿರದ್ದು) ಹೋಗಲಿ. ಎಳೆಗಳು ಅದಲುಬದಲಾದಾಗ ಪಿಕಪ್ಪೂ ಬದಲಾಗಲಿ. ಸೌಂಡ್ ಚೆಕ್‌ನಲ್ಲಿ ಸುಮ್ನೆ ಕಾರ್ಡ್ ಬಾರಿಸಿ ನೋಡಬೇಡಿ. ನಿಮ್ಮ ಪಟ್ಟಿಯಲ್ಲಿ ಅತಿ ಗಿಜಿಗಿಜಿ ಅನ್ನಿಸುವ ಎಂಟು ಬಾರ್ ಎಲ್ಲರೂ ಸೇರಿ ನುಡಿಸಿ, ನಿಮ್ಮಲ್ಲಿ ಒಬ್ಬರು ಸಭಾಂಗಣದ ಹಿಂದೆ ನಿಂತು ಕೇಳಲಿ. ಅಲ್ಲಿ ಟ್ಯೂನ್ ಗುನುಗಲು ಬಂದರೆ ಲೀಡ್ ಕೇಳುತ್ತಿದೆ. ಬರದಿದ್ದರೆ ಎರಡನೇ ಗಿಟಾರನ್ನು ಇಳಿಸಿ, ಅದೇ ಎಂಟು ಬಾರ್ ಇನ್ನೊಮ್ಮೆ ನುಡಿಸಿ.